ದಿವಾನಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಬೇಡಿ

ಮಾನ್ಯ ಸಂಪಾದಕರೆ,

ತಮ್ಮ ವಿದ್ಯಾರ್ಥಿ ಪುಟದ ಪಾಠವು ಬಂಗಾಳದ ದಿವಾನಿಯನ್ನು, ಅಂದರೆ ಕಂದಾಯ ಎತ್ತುವ ಹಕ್ಕನ್ನು, ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದೆ. ಈಸ್ಟ್ ಇಂಡಿಯಾ ಕಂಪನಿಯು ಪ್ಲಾಸಿ ಯುದ್ಧದಲ್ಲಿ ಬಂಗಾಳವನ್ನು ಗೆದ್ದುಕೊಂಡಿತು ಎಂಬ ಮಾತು ಮಕ್ಕಳ ನೋಟ್ಸುಗಳಲ್ಲೂ ವೇದಿಕೆಯ ಭಾಷಣಗಳಲ್ಲೂ ಮತ್ತೆ ಮತ್ತೆ ಬರುತ್ತದೆ. 1757ರ ಆ ಯುದ್ಧದಿಂದ ತನಗೆ ಬೇಕಾದವರನ್ನು ನವಾಬರನ್ನಾಗಿ ಕೂರಿಸುವ ಬಲ ಕಂಪನಿಗೆ ಬಂದಿತೇ ಹೊರತು, ಇಡೀ ಪ್ರಾಂತ್ಯದ ಕಂದಾಯ ಎತ್ತುವ ಅಧಿಕಾರ ಬರಲಿಲ್ಲ. 1764ರ ಬಕ್ಸಾರ್ ಯುದ್ಧದಲ್ಲಿ ಕಂಪನಿಗೆ ಸೋತ ಪಕ್ಷದೊಡನಿದ್ದ, ದಿಲ್ಲಿಗೆ ಮರಳಲೂ ಆಗದಿದ್ದ ಮೊಘಲ್ ಬಾದಶಹ ಎರಡನೇ ಷಾ ಆಲಂ, 1765ರ ಆಗಸ್ಟ್ 12ರಂದು ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು ಬರೆದುಕೊಟ್ಟ ಮೇಲೆಯೇ ಅದು ಬಂದದ್ದು. ಪ್ರತಿಯಾಗಿ ಕಂಪನಿಯ ಗವರ್ನರ್ ರಾಬರ್ಟ್ ಕ್ಲೈವ್ ಬಾದಶಹನಿಗೆ ಕೊಡಲು ಒಪ್ಪಿಕೊಂಡದ್ದು ವರ್ಷಕ್ಕೆ 26 ಲಕ್ಷ ರೂಪಾಯಿ.

ಶಿರಾದವರಾದ ನಮಗೆ ಇಂಥ ಸನದಿನ, ಅಂದರೆ ಅಧಿಕಾರಪತ್ರದ, ಬೆಲೆ ಅರ್ಥವಾಗಬೇಕು. ಮೊಘಲ್ ಸುಬೆಯ (ಪ್ರಾಂತ್ಯದ) ಕೇಂದ್ರವಾಗಿದ್ದ ಈ ಊರಿನ ನವಾಬಗಿರಿಯನ್ನು 1761ರಲ್ಲಿ ಹೈದರಾಲಿಯೂ ನಿಜಾಮನ ಸೋದರ ಬಸಾಲತ್ ಜಂಗನಿಗೆ ಹಣ ಕೊಟ್ಟೇ ಪಡೆದ. ಕೋಟೆ ಕೈಸೇರಿದ್ದು ಆಮೇಲೆ.

ದಿವಾನಿ ಸಿಗುವ ಮುನ್ನ ಬಂಗಾಳದ ಬಟ್ಟೆ ಕೊಳ್ಳಲು ಕಂಪನಿಯು ಇಂಗ್ಲೆಂಡಿನಿಂದ ಹಡಗಿನಲ್ಲಿ ಬೆಳ್ಳಿ ತರಬೇಕಾಗಿತ್ತು. ಆಮೇಲೆ ಅಲ್ಲಿನ ರೈತ ಕಟ್ಟಿದ ಕಂದಾಯದಿಂದಲೇ ಅಲ್ಲಿನ ನೇಕಾರನ ಬಟ್ಟೆಯನ್ನು ಕೊಂಡು ಲಂಡನ್ನಿಗೆ ಸಾಗಿಸಿತು. ಮಕ್ಕಳಿಗೆ ತಿಳಿಯಬೇಕಾದ ಲೆಕ್ಕ ಇದು. ಪೊಲೀಸು ಮತ್ತು ಅಪರಾಧ ನ್ಯಾಯದ ಹೊಣೆ ಮಾತ್ರ ನವಾಬನ ಹೆಸರಿನಲ್ಲೇ ಉಳಿಯಿತು.

ನಮ್ಮ ತಾತ ಕಂದಾಯದ ರಸೀದಿಗಳನ್ನು ತಂತಿಗೆ ಪೋಣಿಸಿ ತೊಲೆಗೆ ನೇತುಹಾಕಿರುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಶ್ಯಾನುಭೋಗರನ್ನು ಹೊಲಕ್ಕೆ ಕರೆದೊಯ್ದು, ಕಾಳು ಕಟ್ಟದ ರಾಗಿ ತೆನೆಯನ್ನು ಮುರಿದು ಅವರ ಅಂಗೈಗೆ ಇಡುತ್ತಿದ್ದರಂತೆ. 1769–70ರ ಬರದಲ್ಲಿ ಬಂಗಾಳದ ರೈತ ಯಾರ ಅಂಗೈಗೆ ಇಡಬೇಕಿತ್ತು? ಜನಸಂಖ್ಯೆಯ ಮೂರನೆಯ ಒಂದು ಭಾಗವಾದರೂ ಸತ್ತಿರಬೇಕೆಂದು ಅಂದಾಜಿಸಿದ ಕಂಪನಿಯ ಗವರ್ನರ್ ವಾರನ್ ಹೇಸ್ಟಿಂಗ್ಸನೇ, 1771ರ ನಿವ್ವಳ ವಸೂಲಿ ಬರಕ್ಕೆ ಮುಂಚಿನ 1768ರದನ್ನೂ ಮೀರಿತ್ತೆಂದು 1772ರಲ್ಲಿ ಲಂಡನ್ನಿಗೆ ಬರೆದ. ಉಳಿದವರ ಮೇಲೆ ಸತ್ತವರ ಪಾಲನ್ನೂ ಹೇರಲಾಗಿತ್ತು.

ತಮ್ಮ ವಿದ್ಯಾರ್ಥಿ ಪುಟದಲ್ಲಿ ಮುಂದೆ ಈ ಪಾಠ ಬಂದಾಗ, ಯುದ್ಧಗಳ ಇಸವಿಗಳ ಜೊತೆಗೆ ಈ ಹಣ ಯಾರಿಂದ ಹೊರಟು ಎಲ್ಲಿಗೆ ಸೇರಿತು ಎಂಬುದನ್ನೂ ವಿವರವಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಇತಿಹಾಸ ಶಿಕ್ಷಕ, ಶಿರಾ, ತುಮಕೂರು ಜಿಲ್ಲೆ