ಯಜಮಾನ್ರ ಕಿವಿಯ ಕೇಸು ಮುಗೀತು, ಜೊತೆಗಿದ್ದವರಿಗೆಲ್ಲ ಥ್ಯಾಂಕ್ಸ್

ನಮ್ಮ ಯಜಮಾನ್ರ ಅಂಗವೈಕಲ್ಯ ಪೆನ್ಷನ್ ಕೇಸು ನಮ್ಮ ಕಡೆಗೇ ಆಯ್ತು. ಬಾಕಿ ದುಡ್ಡೂ ಖಾತೆಗೆ ಬಂದಿದೆ. ಮಂಡ್ಯದ ಸಂತೆಯಲ್ಲಿ, ಬಸ್ ಸ್ಟ್ಯಾಂಡಲ್ಲಿ ಎಲ್ಲಿ ಸಿಕ್ಕರೂ "ಏನಾಯ್ತಕ್ಕ ಕೇಸು?" ಅಂತ ಕೇಳುತ್ತಿದ್ದಿರಿ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನದ್ದು. ಅವರು ಸೇನೆಯಲ್ಲಿ ಆರ್ಟಿಲರಿಯವರು, ಅಂದರೆ ಫಿರಂಗಿ ದಳದವರು. ಬೋಫೋರ್ಸ್ ಗನ್ನಿನ ಪಕ್ಕ ನಿಂತು ಕೆಲಸ ಮಾಡಿದವರು. ನಿವೃತ್ತಿಯ ಹೊತ್ತಿಗೆ ಎರಡು ಕಿವಿಯೂ ಮಂದವಾಗಿದ್ದವು. ಬಿಡುಗಡೆಗೆ ಮುಂಚೆ ಕೂರುವ ಮೆಡಿಕಲ್ ಬೋರ್ಡು ಕಿವಿ ಮಂದ ಅಂತ ಒಪ್ಪಿತು. ಆದರೆ ವೈಕಲ್ಯ ಶೇ. 20ಕ್ಕಿಂತ ಕಡಿಮೆ ಎಂದು ಬರೆಯಿತು. ಜೊತೆಗೆ 'ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ' ಅಂತ ಒಂದು ಸಾಲು. ಶೇ. 20 ಇಲ್ಲದಿದ್ದರೆ ಅಂಗವೈಕಲ್ಯದ ಹಣ ಇಲ್ಲ. ಆ ಸಾಲು ಇದ್ದರೂ ಇಲ್ಲ. ಬೋಫೋರ್ಸ್ ಪಕ್ಕ ನಿಂತವರ ಕಿವಿ ಇನ್ಯಾತರಿಂದ ಹೋಗುತ್ತೆ, ನೀವೇ ಹೇಳಿ.

ಕೈಕಾಲು ಹೋದರೆ ಕಣ್ಣಿಗೆ ಕಾಣುತ್ತೆ. ಕಿವಿ ಹೋದರೆ ಜನಕ್ಕೆ ಕಾಣೋದು ಜಂಭ! ಕರೆದರೂ ತಿರುಗಲಿಲ್ಲ, ಮಿಲಿಟರಿಯವನಿಗೆ ಕೊಬ್ಬು ಅಂದವರಿದ್ದರು. "ಪೆನ್ಷನ್ ಬರ್ತಿದೆಯಲ್ಲ, ಇನ್ನೆಷ್ಟು ಬೇಕು?" ಅಂದ ನೆಂಟರೂ ಇದ್ದರು. ಅವರಿಗೇನೂ ಥ್ಯಾಂಕ್ಸ್ ಇಲ್ಲ.

ಮೊದಲ ಥ್ಯಾಂಕ್ಸ್ ನಮ್ಮ ಬೀದಿಯ ಸುಬೇದಾರ್ ಸಾಹೇಬರಿಗೆ. "ತಂಗಿ, ಸಿಟ್ಟು ಆಮೇಲೆ ಮಾಡ್ಕೊ, ಮೊದಲು ಬೋರ್ಡಿನ ಕಾಗದ ತರಿಸು" ಅಂದವರು ಅವರೇ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿಸಿದರು. ಸೇನೆಗೆ ಭರ್ತಿಯಾಗುವಾಗಿನ ತಪಾಸಣೆಯ ಕಾಗದವನ್ನೂ ಕೇಳಿ ಅಂತ ಒತ್ತಿ ಹೇಳಿದರು. ಆ ಕಾಗದವೇ ಕೊನೆಗೆ ನಮ್ಮನ್ನು ಕಾಪಾಡಿದ್ದು. ಸೇರುವಾಗ ಎರಡು ಕಿವಿಯೂ ಸರಿಯಾಗಿದ್ದವು ಅಂತ ಅದರಲ್ಲಿ ಸ್ಪಷ್ಟವಾಗಿತ್ತು.

ಇಲಾಖೆಗೇ ಹಾಕಿದ ಮೊದಲ ಅಪೀಲೂ ಎರಡನೆಯದೂ ತಿರಸ್ಕಾರವಾದವು. ಎರಡೂ ಉತ್ತರ ಹೆಚ್ಚುಕಮ್ಮಿ ಒಂದೇ ಥರ. ನಮ್ಮ ಕಾಗದ ಓದಿದರೋ ಇಲ್ಲವೋ ಅನ್ನಿಸಿತು. ಆಗ ಕೈಗೆತ್ತಿಕೊಂಡವರು ಲಾಯರ್ ಮೇಡಂ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ನನಗೆ ಅರ್ಥವಾಗುವ ಹಾಗೆ ಕೂತು ವಿವರಿಸಿದರು. ಧರಂವೀರ್ ಸಿಂಗ್ ಎಂಬ ಸೈನಿಕರ ಕೇಸಿನಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆಯಂತೆ: ಸೇರುವಾಗಿನ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲ ಅಂದರೆ, ಆಮೇಲೆ ಬಂದದ್ದನ್ನು ಸೇವೆಯಿಂದಲೇ ಬಂದದ್ದು ಎಂದು ಎಣಿಸಬೇಕು. ಅಲ್ಲ ಅನ್ನೋದಾದರೆ ಅದನ್ನು ತೋರಿಸಬೇಕಾದವರು ಇಲಾಖೆಯವರು, ಸೈನಿಕ ಅಲ್ಲ. ಇದನ್ನು ಕೇಳಿದ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಇನ್ನು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯವರು. ಸದ್ದೇ ನುಗ್ಗದ ರೂಮಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ ಕಿವಿ ಪರೀಕ್ಷೆ ಮಾಡಿದರು. ಬೀಪ್ ಕೇಳಿದಾಗ ಬೆರಳೆತ್ತಬೇಕು. ನಮ್ಮವರಿಗೋ ಯಾವ ಪರೀಕ್ಷೆಯಲ್ಲೂ ಫೇಲಾಗಬಾರದು ಅನ್ನೋ ಫೌಜಿ ಬುದ್ಧಿ. ಸುಮ್ನೆ ಅಂದಾಜಿನ ಮೇಲೆ ಬೆರಳೆತ್ತುತ್ತಿದ್ದರು. ಅಲ್ಲಿದ್ದ ಹುಡುಗಿ ನಗುತ್ತಾ "ಅಂಕಲ್, ಇಲ್ಲಿ ಪಾಸಾಗೋದು ಬೇಡ" ಅಂದಳು. ಮತ್ತೆ ಮೊದಲಿಂದ ಮಾಡಿದಳು, ಬೇಜಾರಿಲ್ಲದೆ. ಪರೀಕ್ಷೆಯ ಗ್ರಾಫಿನಲ್ಲಿ 4000 ಹರ್ಟ್ಸ್ ಅನ್ನೋ ಕೀರಲು ಸದ್ದಿನ ಹತ್ತಿರ ಗೆರೆ ಗುಂಡಿಗೆ ಬಿದ್ದ ಹಾಗೆ ಇಳಿದಿರೋದನ್ನು ತೋರಿಸಿದಳು. ಜೋರು ಸದ್ದಿಗೆ ಹಾಳಾದ ಕಿವಿಯ ಗುರುತಂತೆ ಅದು. ಆ ಮಗು ಎಲ್ಲಿದ್ದರೂ ಚೆನ್ನಾಗಿರಲಿ.

ನ್ಯಾಯಮಂಡಳಿ ಹೊಸ ಬೋರ್ಡು ಕೂರಿಸಲು ಹೇಳಿತು. ಅವರು ಶೇ. 30 ಅಂದರು, ಸೇವೆಯಿಂದಲೇ ಬಂದದ್ದು ಅಂತಲೂ ಆಯ್ತು. ಶೇ. 20ರಿಂದ 49ರವರೆಗೆ ಇದ್ದರೆ 50 ಅಂತ ಹಿಡಿಯುವ ನಿಯಮವಿದೆ. ಅವಧಿ ಪೂರ್ತಿ ಮುಗಿಸಿ ಬಂದವರಿಗೂ ಅದು ಸಲ್ಲುತ್ತದೆ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ನಮಗೂ ಸಿಕ್ಕಿತು. ನೂರಕ್ಕೆ ನೂರು ವೈಕಲ್ಯವಿದ್ದರೆ ಸಿಗುವ ಹಣ ಕೊನೆಯ ಸಂಬಳದ ಶೇ. 30, ನಮ್ಮದು 50 ಅಂತ ಹಿಡಿದದ್ದರಿಂದ ಅದರ ಅರ್ಧ. ದೊಡ್ಡ ಗಂಟೇನಲ್ಲ. ಆದರೆ ಆ ಸುಳ್ಳು ಸಾಲನ್ನು ಅಳಿಸಿದರಲ್ಲ, ಯಜಮಾನ್ರಿಗೆ ಅದೇ ಜಾಸ್ತಿ.

ಮಾಜಿ ಸೈನಿಕರಿಗೆ ಚಿಕಿತ್ಸೆ ಕೊಡುವ ಮೈಸೂರಿನ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿನ ಸಿಬ್ಬಂದಿಗೆ, ಅಷ್ಟೂ ಕಾಗದ ಸ್ಕ್ಯಾನ್ ಮಾಡಿಕೊಟ್ಟು ಕಾಸು ಮುಟ್ಟದ ಝೆರಾಕ್ಸ್ ಅಂಗಡಿ ಅಣ್ಣನಿಗೆ, ಕೇಸಿನ ದಿನ ಹಸು ನೋಡಿಕೊಂಡ ಪಕ್ಕದ ಮನೆ ಅತ್ತಿಗೆಗೂ ನಮಸ್ಕಾರ. ಹೀಗೇ ತಿರಸ್ಕಾರದ ಕಾಗದ ಮನೆಯಲ್ಲಿ ಇಟ್ಟುಕೊಂಡು ಕೂತಿರುವವರು ಯಾರಾದರೂ ಇದ್ದರೆ ಬನ್ನಿ, ನಮ್ಮ ಫೈಲು ತೋರಿಸುತ್ತೇನೆ.

ಬರುವ ಭಾನುವಾರ ನಮ್ಮನೆಯಲ್ಲಿ ಮುದ್ದೆ, ನಾಟಿಕೋಳಿ ಸಾರು. ಮೇಲೆ ಹೇಳಿದವರೆಲ್ಲ ಬರಲೇಬೇಕು. ಯಜಮಾನ್ರ ಬಲಗಡೆ ಕೂತ್ಕೊಳ್ಳಿ, ಆ ಕಿವಿ ಸ್ವಲ್ಪ ವಾಸಿ.