ಮೇಲ್ವಿಚಾರಕಿಯರು ಮಕ್ಕಳ ಜೊತೆ ಒಂದು ಗಂಟೆ ಕೂರುವಂತಾಗಲಿ

ಮಾನ್ಯ ಸಂಪಾದಕರೇ,

ಅಂಗನವಾಡಿಯ ಮೊಟ್ಟೆ, ಹಾಲು, ಗೌರವಧನದ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಬರಬೇಕಾದ ಸುದ್ದಿಗಳೇ. ಆದರೆ ಅಲ್ಲಿನ ಕಲಿಕೆಯನ್ನು ಚೆನ್ನಾಗಿ ಮಾಡಿಸುವ ಹೊಣೆ ಯಾರದ್ದು ಅನ್ನುವ ಮಾತು ಮಾತ್ರ ಅಪರೂಪ.

ನಮ್ಮೂರ ಅಂಗನವಾಡಿ ಕೇಂದ್ರಕ್ಕೆ ನೆರವಾಗುವ ಊರಿನವರ ಬಾಲ ವಿಕಾಸ ಸಮಿತಿಯಲ್ಲಿ ನಾನಿದ್ದೇನೆ. ಮೊಮ್ಮಗಳು ಅಲ್ಲಿಗೇ ಹೋಗುತ್ತಾಳೆ. ಕಳೆದ ತಿಂಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೇಲ್ವಿಚಾರಕಿ ತಪಾಸಣೆಗೆ ಬಂದಾಗ ನಾನೂ ಅಲ್ಲಿದ್ದೆ. ರಿಜಿಸ್ಟರ್ ನೋಡಿದರು, ಮೊಟ್ಟೆ ಎಣಿಸಿದರು, ಮಾಹಿತಿ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ತುಂಬದೆ ಉಳಿದದ್ದನ್ನು ಕೇಳಿದರು. ಅಷ್ಟರಲ್ಲಿ ಕಚೇರಿಯಿಂದ ಫೋನ್ ಬಂತು, ಹೊರಟುಬಿಟ್ಟರು.

ಅದೇ ಹೊತ್ತಿಗೆ ಮೂಲೆಯಲ್ಲಿ ಇಬ್ಬರು ಹುಡುಗರು ಹುಣಸೆ ಬೀಜ ಗುಡ್ಡೆ ಹಾಕಿಕೊಂಡು ಜಗಳಕ್ಕೆ ನಿಂತಿದ್ದರು. "ಮಿಸ್, ನಂದೇ ಜಾಸ್ತಿ!" ಟೀಚರ್ ತೀರ್ಪು ಕೊಡಲಿಲ್ಲ. "ಹೌದಾ? ಹೆಂಗೆ ಗೊತ್ತಾಯ್ತು, ತೋರ್ಸು" ಅಂದರು. ಹುಡುಗ ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ತನ್ನದೊಂದು ಬೀಜ, ಗೆಳೆಯನದೊಂದು ಬೀಜ ಅಂತ ಜೋಡಿ ಜೋಡಿಯಾಗಿ ಇಡುತ್ತಾ ಹೋದ. ಹತ್ತರವರೆಗೆ ಸರಿಯಾಗಿ ಎಣಿಸಲು ಬಾರದ ಮಗು ಅದು. ನನಗೆ ಮೈ ಜುಮ್ಮೆಂದಿತು. ಲೆಕ್ಕ ಹುಟ್ಟುವುದೇ ಹೀಗೆ ಅಲ್ವಾ? ಆ ಟೀಚರ್ ಮಾಡಿದ್ದು ಯಾವ ರಿಜಿಸ್ಟರಿನಲ್ಲೂ ಬರಲಿಲ್ಲ.

ಮೇಲ್ವಿಚಾರಕಿಯನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಒಬ್ಬೊಬ್ಬರ ಕೈಯಲ್ಲಿ ಸುಮಾರು 25 ಕೇಂದ್ರಗಳಿರುತ್ತವೆ, ಎಲ್ಲೆಲ್ಲೂ ಲೆಕ್ಕ ಒಪ್ಪಿಸುವ ಕೆಲಸವೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಅದರಲ್ಲಿತ್ತು. ಆಗಿನಿಂದಲೂ ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು. ಉಳಿದ ಐದೂ ಊಟ, ಲಸಿಕೆ, ಆರೋಗ್ಯಕ್ಕೆ ಸೇರಿದವು. ಅವುಗಳನ್ನು ತೂಗಬಹುದು, ಎಣಿಸಬಹುದು. ಹಾಗಾಗಿ ತಪಾಸಣೆ ಎಲ್ಲ ಆ ಕಡೆಗೇ ವಾಲಿದೆ.

ಈಗ ಅಂಗನವಾಡಿಯಲ್ಲೇ ಎಲ್‌ಕೆಜಿ, ಯುಕೆಜಿ ಅನ್ನುತ್ತಿದ್ದೇವೆ. ಒಳ್ಳೆಯದೇ. 'ಚಿಲಿಪಿಲಿ' ಅನ್ನುವ ಒಳ್ಳೆಯ ಪಠ್ಯಕ್ರಮವೂ ನಮ್ಮಲ್ಲಿದೆ. ಆದರೆ ಹೊಸ ಬೋರ್ಡು, ಸಮವಸ್ತ್ರ ಬಂದ ಮಾತ್ರಕ್ಕೆ ಕಲಿಸುವ ರೀತಿ ಬದಲಾಗುವುದಿಲ್ಲ. ಟೀಚರಿಗೆ ಪಕ್ಕದಲ್ಲಿ ಕೂತು ನೋಡುವವರು ಬೇಕು. "ಬೀಜದ ಆಟ ಚೆನ್ನಾಗಿ ನಡೆಸಿದಿರಿ, ನಾಳೆ ಮಾತಾಡದ ಆ ಮಗುವನ್ನೂ ಸೇರಿಸಿಕೊಳ್ಳಿ" ಅಂತ ಹೇಳುವವರು ಬೇಕು. ಮೂರು ವರ್ಷದ ಮಗುವಿನ ಕೈಹಿಡಿದು ಎಬಿಸಿಡಿ ತಿದ್ದಿಸಿ ಎಂದು ಪೋಷಕರು ಒತ್ತಾಯಿಸಿದಾಗ ಟೀಚರ್ ಪರ ನಿಲ್ಲುವವರೂ ಬೇಕು.

ಇಲಾಖೆ ಒಂದು ಆದೇಶ ಮಾಡಲಿ. ಪ್ರತಿ ಭೇಟಿಯಲ್ಲಿ ಮೊದಲ ಒಂದು ಗಂಟೆ ಮೇಲ್ವಿಚಾರಕಿ ಮಕ್ಕಳ ಜೊತೆ ಕೂರಬೇಕು, ಆ ಹೊತ್ತಿನಲ್ಲಿ ಕಚೇರಿಯಿಂದ ಫೋನ್ ಬರಬಾರದು. ತಿಂಗಳ ಸಭೆಯಲ್ಲಿ ಅರ್ಧ ಹೊತ್ತು ಬರೀ ಕಲಿಕೆಯ ಮಾತಿಗೆ ಇರಲಿ. ಒಬ್ಬ ಮೇಲ್ವಿಚಾರಕಿಯ ಕೈಕೆಳಗಿನ ಕೇಂದ್ರಗಳ ವೃತ್ತದಲ್ಲಿ ಚೆನ್ನಾಗಿ ಕಲಿಸುವ ಟೀಚರೇ ಅಲ್ಲಿ ಮಾಡಿ ತೋರಿಸಲಿ. ಮೇಲ್ವಿಚಾರಕಿಯರ ಹುದ್ದೆ ಖಾಲಿ ಇದ್ದಲ್ಲಿ ಬೇಗ ತುಂಬಲಿ, ಇಲ್ಲದಿದ್ದರೆ ಈ ಒಂದು ಗಂಟೆಯೂ ಸಿಗುವುದಿಲ್ಲ.

ನಮ್ಮ ಸಮಿತಿ ಇಷ್ಟನ್ನೇ ಬರೆದು ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರಿಗೆ ಕಳಿಸುತ್ತಿದೆ. ಬೇರೆ ಊರಿನ ಸಮಿತಿಯವರೂ ದಯವಿಟ್ಟು ಕಳಿಸಿ.

— ಬಾಲ ವಿಕಾಸ ಸಮಿತಿಯ ಸದಸ್ಯೆ, ಮೈಸೂರು ಜಿಲ್ಲೆ