ಅಪ್ಪನ ಹೊಸ ಲಿವರ್‌ಗೆ ಒಂದು ವರ್ಷ

ಅಪ್ಪನಿಗೆ ಲಿವರ್ ಕಸಿ ಆಗಿ ಇವತ್ತಿಗೆ ಒಂದು ವರ್ಷ. ಆರಾಮಾಗಿದ್ದಾರೆ. ಸಿರೋಸಿಸ್ ಆಗಿ, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗಿ, ಅದರಲ್ಲಿ ಗಡ್ಡೆಯೂ ಕಂಡಿತ್ತು. ಉಳಿದದ್ದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ.

ರಕ್ತ ಕೊಟ್ಟವರು, ಆಫೀಸಿನಲ್ಲಿ ನನ್ನ ಕೆಲಸ ಹೊತ್ತುಕೊಂಡವರು, ಊಟ ತಂದುಕೊಟ್ಟ ಪಕ್ಕದ ಮನೆಯವರು, ಐಸಿಯು ನರ್ಸ್‌ಗಳು, ನಿಮಗೆಲ್ಲ ಕೈ ಮುಗಿಯುತ್ತೇನೆ. ತನ್ನ ಲಿವರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಟ್ಟ ಅಮ್ಮನಿಗೆ ಥ್ಯಾಂಕ್ಸ್ ಅನ್ನುವ ಮಾತು ಸಾಲುವುದಿಲ್ಲ.

ಅತ್ತೆಯ ಬಗ್ಗೆ ಮಾತ್ರ ಬರೆಯಲೇಬೇಕು. ಅಪ್ಪನ ಅಕ್ಕ. ಸುದ್ದಿ ತಿಳಿದ ಸಂಜೆಯೇ ಅರಸೀಕೆರೆಯಲ್ಲಿ ರೈಲು ಹತ್ತಿ ಬಂದವರು. ‘ನನ್ನದು ತಗೊಳ್ಳಿ’ ಅಂತ ಡಾಕ್ಟರ್ ಮುಂದೆ ನಿಂತರು. ವಯಸ್ಸು ಮೀರಿತ್ತು. ನನ್ನ ಸ್ಕ್ಯಾನ್‌ನಲ್ಲೂ ಲಿವರ್‌ನಲ್ಲಿ ಕೊಬ್ಬು ಕಂಡಿತು, ನಾನೂ ಕೊಡುವಂತಿರಲಿಲ್ಲ.

ಆಪರೇಷನ್‌ಗೆ ಮುಂಚಿನ ಆ ಒಂದು ರಾತ್ರಿ. ಕೆಟ್ಟ ಲಿವರ್ ರಕ್ತದಲ್ಲಿನ ಅಮೋನಿಯಾ ಅನ್ನುವ ವಿಷವನ್ನು ತೆಗೆಯದೆ ಹೋದರೆ ಅದು ಮಿದುಳಿಗೇರಿ ಬುದ್ಧಿ ಮಂಕಾಗುತ್ತದೆ. ಅಪ್ಪ ನನ್ನ ಮುಖ ನೋಡಿ ‘ಯಾರಮ್ಮ ನೀನು?’ ಅಂದರು. ಡ್ರಿಪ್ ಕಿತ್ತರು. ನಾನು ಕಾರಿಡಾರ್‌ಗೆ ಬಂದು ಗೋಡೆಗೆ ಒರಗಿ ಅತ್ತುಬಿಟ್ಟೆ. ಅತ್ತೆ ಅಲುಗಾಡಲಿಲ್ಲ. ಅಪ್ಪನ ಎರಡೂ ಕೈ ಹಿಡಿದು, ಊರ ಕೆರೆ, ತೋಟ, ಸತ್ತುಹೋದ ಎತ್ತುಗಳ ಹೆಸರು, ಎಲ್ಲ ಹೇಳುತ್ತಾ ಕೂತರು. ಅಮೋನಿಯಾ ಇಳಿಸುವ ಔಷಧಿ ಕೊಟ್ಟ ಮೇಲೆ ಹೊಟ್ಟೆ ಬಿಡದೆ ಹೋಗುತ್ತಿತ್ತು. ಬಟ್ಟೆ, ಹಾಸಿಗೆ, ಮೈ ಎಲ್ಲ ಅವರೇ ಒರೆಸಿದರು. ‘ಸುಮ್ನಿರು ಮಗಾ, ಎತ್ತಿ ಆಡಿಸಿದವಳು ನಾನು’ ಅಂತ ಮೆಲ್ಲಗೆ ಹೇಳುತ್ತಲೇ ಇದ್ದರು. ಬೆಳಗಿನ ಜಾವ ಅಪ್ಪ ‘ಅಕ್ಕಾ’ ಅಂದರು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ನೋಡಲು ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಕುಡೀತಿದ್ರಾ?’ ಅಪ್ಪ ಒಂದು ಹನಿ ಮುಟ್ಟಿದವರಲ್ಲ. ಅಮ್ಮ ತನ್ನ ಅಡುಗೆಯನ್ನೇ ದೂರಿಕೊಳ್ಳುತ್ತಿದ್ದರು. ಆಗ ನಮ್ಮನ್ನು ಕೂರಿಸಿಕೊಂಡು ಪಿಎನ್‌ಪಿಎಲ್‌ಎ3 ಜೀನ್ ಬಗ್ಗೆ ಹೇಳಿದ ಆ ಯುವ ಡಾಕ್ಟರ್‌ಗೂ ನಾವು ಋಣಿ. ಅದರ ಡಿಎನ್‌ಎಯಲ್ಲಿ ಒಂದು ನಿರ್ದಿಷ್ಟ ಅಕ್ಷರ ಬದಲಾದರೆ ಸಾಕು, ಅದು ತಯಾರಿಸುವ ಪ್ರೋಟೀನ್ ಲಿವರ್‌ನ ಕೊಬ್ಬಿನ ಹನಿಗಳ ಮೇಲೆ ಕೂತುಬಿಡುತ್ತದೆ, ಕೊಬ್ಬು ಕರಗಲು ಬಿಡುವುದಿಲ್ಲ. ಅಮೆರಿಕದ ಡಲ್ಲಾಸ್‌ನ ವಿಜ್ಞಾನಿಗಳು 2008ರಲ್ಲಿ ಈ ಜೀನ್‌ಗೂ ಲಿವರ್‌ನ ಕೊಬ್ಬಿಗೂ ಇರುವ ನಂಟನ್ನು ಕಂಡುಹಿಡಿದರು. ಫ್ಯಾಟಿ ಲಿವರ್, ಸಿರೋಸಿಸ್, ಲಿವರ್ ಕ್ಯಾನ್ಸರ್, ಮೂರರ ಅಪಾಯವೂ ಇದರಿಂದ ಏರುತ್ತದೆ. ಅಪ್ಪನಿಗೆ ಇದು ತಾತ, ಅಜ್ಜಿ ಇಬ್ಬರಿಂದಲೂ ಬಂದಿದೆ. ಅಂದರೆ ನನ್ನಲ್ಲೂ ಒಂದು ಪ್ರತಿ ಇದ್ದೇ ಇದೆ. ಹೊಟ್ಟೆಯಲ್ಲಿ ನೀರು ತುಂಬಿ ತಾತ ತೀರಿಕೊಂಡದ್ದು ಅತ್ತೆಗೆ ಆಗ ನೆನಪಾಯಿತು.

ಜೀನ್‌ನಲ್ಲಿ ಈ ಬದಲಾವಣೆ ಇದ್ದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಅಂತಲ್ಲ. ತೂಕ, ಶುಗರ್, ಕುಡಿತ ಜೊತೆ ಸೇರಿದಾಗ ಅಪಾಯ ಜಾಸ್ತಿ. ಹಾಗೆಯೇ, ಎಚ್‌ಎಸ್‌ಡಿ17ಬಿ13 ಅನ್ನುವ ಜೀನ್‌ನ ಒಂದು ಬದಲಾವಣೆ ಲಿವರ್‌ಗೆ ರಕ್ಷಣೆಯನ್ನೂ ಕೊಡುತ್ತದಂತೆ. 2018ರಲ್ಲಿ ಗೊತ್ತಾದದ್ದು. ಪಕ್ಕದ ಬೆಡ್‌ನಲ್ಲಿದ್ದ ಹುಡುಗ ಕುಡಿದು ಲಿವರ್ ಹಾಳು ಮಾಡಿಕೊಂಡ ಅಂತ ಮನೆಯವರು ಬರುತ್ತಲೇ ಇರಲಿಲ್ಲ. ಅಷ್ಟೇ ಕುಡಿದವರೆಲ್ಲರಿಗೂ ಸಿರೋಸಿಸ್ ಬರುವುದಿಲ್ಲ, ಅಲ್ಲೂ ಪಿಎನ್‌ಪಿಎಲ್‌ಎ3 ಜೀನ್‌ನ ಪಾಲಿದೆ. ಅತ್ತೆಗೆ ಇದೆಲ್ಲ ಗೊತ್ತಿರಲಿಲ್ಲ. ಗೊತ್ತಾಗುವ ಮೊದಲೇ ಅವನನ್ನು ದಿನಾ ಮಾತಾಡಿಸುತ್ತಿದ್ದರು. ಅತ್ತೆಯ ಮೇಲೆ ನನ್ನ ಪ್ರೀತಿ ಇಮ್ಮಡಿಯಾದದ್ದು ಅಲ್ಲೇ.

ನಮ್ಮ ಮನೆತನದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಇದು ನಿಮಗೆ. ಸಿರೋಸಿಸ್ ಆಗಿದ್ದ ಅಪ್ಪನಿಗೆ 6 ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಿದ್ದುದರಿಂದಲೇ ಗಡ್ಡೆ ಚಿಕ್ಕದಿರುವಾಗ ಸಿಕ್ಕಿತು. ನಿಮಗೆ ಜೀನ್ ಟೆಸ್ಟೇ ಬೇಕಂತಿಲ್ಲ. ಮೊದಲು ಡಾಕ್ಟರ್‌ಗೆ ನನ್ನ ಅಪ್ಪನ ವಿಷಯ ಹೇಳಿ, ಲಿವರ್ ತೋರಿಸಿ. ಅತ್ತೆ ಆಗಲೇ ತೋರಿಸಿಕೊಂಡಿದ್ದಾರೆ. ಒಬ್ಬರೇ ಹೋಗಲು ಹೆದರಿಕೆಯಾದರೆ ಫೋನ್ ಮಾಡಿ, ನಾನು ಜೊತೆಗೆ ಬರುತ್ತೇನೆ.